ಕರವಸ್ತ್ರ ಕೇಳಿದ ಪಾದ್ರಿ

ಅಮೆರಿಕದ ಕರಿಯರ ಹೋರಾಟವೆಂದೊಡನೆ ನಮಗೆ ನೆನಪಾಗುವುದು ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು. ಅದು ಸಹಜವೇ. ಆದರೆ ಆ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುವವರು ಇನ್ನೊಬ್ಬರು. ನಮ್ಮ ನಾಗಪುರದಲ್ಲಿ ಸುಮಾರು ಮೂರು ವರ್ಷ ಇದ್ದು ಹೋದ ಜೇಮ್ಸ್ ಲಾಸನ್.

ಲಾಸನ್ ಹುಟ್ಟಿದ್ದು 1928ರಲ್ಲಿ, ಬೆಳೆದದ್ದು ಒಹೈಯೋ ಸಂಸ್ಥಾನದ ಮ್ಯಾಸಿಲನ್ ಎಂಬ ಊರಿನಲ್ಲಿ. ತಂದೆ ಮೆಥಡಿಸ್ಟ್ ಪಾದ್ರಿ. ಬೈಬಲ್ಲಿನ ಜೊತೆಗೆ ಪಿಸ್ತೂಲನ್ನೂ ಇಟ್ಟುಕೊಂಡಿದ್ದವರು. ತಾಯಿಯ ದಾರಿ ಬೇರೆ. ಒಮ್ಮೆ ಹುಡುಗ ತಾಯಿ ಹೇಳಿದ ಕೆಲಸಕ್ಕೆಂದು ಹೊರಟಿದ್ದಾಗ, ಕಾರಿನಲ್ಲಿ ಕುಳಿತಿದ್ದ ಬಿಳಿಯ ಮಗುವೊಂದು ಅವನ ಬಣ್ಣವನ್ನು ಹಿಡಿದು ಬೈಯಿತು. ಇವನು ಹೋಗಿ ಅದರ ಕೆನ್ನೆಗೆ ಬಾರಿಸಿ ಬಂದ. ಮನೆಗೆ ಬಂದು ಹೇಳಿದರೆ, ಅಡಿಗೆ ಮಾಡುತ್ತಿದ್ದ ತಾಯಿ ತಿರುಗಿಯೂ ನೋಡದೆ, ಅದರಿಂದ ಆದ ಒಳ್ಳೆಯದೇನು ಎಂದು ಕೇಳಿದಳಂತೆ. ಬೈಯಲಿಲ್ಲ, ಹೊಡೆಯಲಿಲ್ಲ. ಆ ಪ್ರಶ್ನೆಯೇ ತಮ್ಮ ಬಾಳನ್ನು ತಿರುಗಿಸಿತೆಂದು ಲಾಸನ್ ಮುಪ್ಪಿನವರೆಗೂ ಹೇಳುತ್ತಿದ್ದರು.

ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲು ಒಪ್ಪದೆ ಅವರು ಜೈಲು ಕಂಡರು. ಬಿಡುಗಡೆಯಾದ ಮೇಲೆ 1953ರಲ್ಲಿ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದರು. ಗಾಂಧೀಜಿಯ ಸತ್ಯಾಗ್ರಹದಲ್ಲಿ ತಮ್ಮ ಕ್ರಿಸ್ತನ ಮಾತೇ ಕಾರ್ಯರೂಪಕ್ಕೆ ಬಂದಂತೆ ಅವರಿಗೆ ಕಂಡಿತು. ಮಾಂಟ್‌ಗೊಮರಿಯ ಕರಿಯರು ಬಸ್ಸು ಹತ್ತುವುದನ್ನು ಬಿಟ್ಟ ಸುದ್ದಿಯನ್ನು ಅವರು ಓದಿದ್ದೂ ನಾಗಪುರದಲ್ಲೇ.

1956ರಲ್ಲಿ ಸ್ವದೇಶಕ್ಕೆ ಮರಳಿದ ಲಾಸನ್, ಮುಂದೆ ಕಿಂಗ್ ಅವರ ಒತ್ತಾಯದಂತೆ ದಕ್ಷಿಣದ ನ್ಯಾಶ್‌ವಿಲ್ ನಗರಕ್ಕೆ ಹೋದರು. ಅಲ್ಲಿಯ ದೊಡ್ಡ ಅಂಗಡಿಗಳು ಕರಿಯರಿಗೆ ಸಾಮಾನು ಮಾರುತ್ತಿದ್ದವು. ಅದೇ ಅಂಗಡಿಯ ಊಟದ ಕಟ್ಟೆಯಲ್ಲಿ ಕುಳಿತು ತಿನ್ನಲು ಬಿಡುತ್ತಿರಲಿಲ್ಲ. (ಬಾವಿಯ ನೀರಿಗೂ ಜಾತಿ ಕೇಳಿದ ನಾವು ಇದಕ್ಕೆ ಬೆರಗಾಗಬೇಕಾದ್ದಿಲ್ಲ.) ಲಾಸನ್ ಚರ್ಚೊಂದರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿ ವಿಚಿತ್ರವಾದ ಪಾಠ ನಡೆಸಿದರು. ಕೆಲವರು ಕುರ್ಚಿಯಲ್ಲಿ ಕೂರುವುದು, ಉಳಿದವರು ಅವರನ್ನು ಬೈಯುವುದು, ತಳ್ಳುವುದು, ಮುಖಕ್ಕೆ ಹೊಗೆ ಬಿಡುವುದು. ಕುಳಿತವರು ಕೈ ಎತ್ತಬಾರದು. ಅಷ್ಟೇ ಅಲ್ಲ, ಎದುರಿನವನನ್ನು ದ್ವೇಷಿಸಲೂಬಾರದು. ಮೊದಲಿನದನ್ನು ಅಭ್ಯಾಸದಿಂದ ಸಾಧಿಸಬಹುದು. ಎರಡನೆಯದು?

1960ರ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳು ಕಟ್ಟೆಗಳ ಮುಂದೆ ಹೋಗಿ ಕುಳಿತರು. 27ರಂದು ಪುಂಡರು ಅವರ ಮೇಲೆ ಬಿದ್ದರು. ಪೊಲೀಸರು ಹಿಡಿದೊಯ್ದದ್ದು ಮಾತ್ರ ಪೆಟ್ಟು ತಿಂದ ವಿದ್ಯಾರ್ಥಿಗಳನ್ನು, 80ಕ್ಕೂ ಹೆಚ್ಚು ಮಂದಿಯನ್ನು. ಆ ಹೋರಾಟದ ಕಾಲದಲ್ಲೇ ಒಮ್ಮೆ ಪುಂಡನೊಬ್ಬ ಲಾಸನ್ ಅವರ ಮೇಲೆ ಉಗುಳಿದ. ಲಾಸನ್ ಅವನನ್ನು ನೋಡಿ, ನಿನ್ನಲ್ಲಿ ಕರವಸ್ತ್ರವಿದೆಯೇ ಎಂದು ಕೇಳಿದರು. ಅವನು ತಬ್ಬಿಬ್ಬಾಗಿ, ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ತೆಗೆದು ಕೊಟ್ಟುಬಿಟ್ಟ. ಇವರು ಒರೆಸಿಕೊಂಡು ಹಿಂದಿರುಗಿಸಿದರು. ಅವನ ಚರ್ಮದ ಕೋಟನ್ನು ಗಮನಿಸಿ, ಮೋಟಾರ್ ಸೈಕಲ್ ಇದೆಯೇ ಎಂದು ವಿಚಾರಿಸಿದರು. ಇಬ್ಬರೂ ಗಾಡಿಯ ವಿಷಯ ಮಾತನಾಡುತ್ತ ನಿಂತರು!

ಇದನ್ನು ಹೇಡಿತನವೆಂದವರಿದ್ದಾರೆ. ಮಾಲ್ಕಂ ಎಕ್ಸ್ ಅವರಂಥವರು ಈ ದಾರಿಯನ್ನು ಕಟುವಾಗಿ ಹಳಿದರು. ಪೆಟ್ಟು ತಿಂದವನೇ ಕ್ಷಮಿಸಬೇಕೆಂಬುದು ಯಾವ ನ್ಯಾಯ? ಹೊಡೆದವನ ಬಾಯಿಂದ ಆ ಬೋಧೆ ಬಂದರೆ ಅದು ಕಪಟವೇ ಸರಿ. ಆದರೆ ಲಾಸನ್ ಕ್ಷಮಿಸಿದರೇ ಹೊರತು ಕಟ್ಟೆ ಬಿಟ್ಟು ಎದ್ದು ಹೋಗಲಿಲ್ಲವೆಂಬುದನ್ನು ನಾವು ಮರೆಯುತ್ತೇವೆ. ಕರಿಯರು ಆ ಅಂಗಡಿಗಳಲ್ಲಿ ಕೊಳ್ಳುವುದನ್ನೇ ನಿಲ್ಲಿಸಿದರು. ಏಪ್ರಿಲ್ 19ರಂದು ಅವರ ವಕೀಲ ಲೂಬಿಯವರ ಮನೆಗೆ ಬಾಂಬು ಬಿದ್ದಾಗ ಸಾವಿರಾರು ಜನ ಮೌನವಾಗಿ ಪುರಭವನಕ್ಕೆ ನಡೆದರು. ಡಯಾನ್ ನ್ಯಾಶ್ ಎಂಬ ವಿದ್ಯಾರ್ಥಿನಿ ಮೇಯರನ್ನೇ ನೇರವಾಗಿ ಕೇಳಿದಳು. ಈ ಭೇದ ತಪ್ಪೆಂದು ಆತ ಎಲ್ಲರೆದುರು ಒಪ್ಪಿದ. ಮೇ 10ರಂದು ಕಟ್ಟೆಗಳು ಕರಿಯರಿಗೆ ತೆರೆದವು.

ಅಷ್ಟರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯ ಲಾಸನ್ ಅವರನ್ನು ಹೊರಹಾಕಿತ್ತು. 2006ರಲ್ಲಿ ಅದೇ ವಿಶ್ವವಿದ್ಯಾನಿಲಯಕ್ಕೆ ಅವರು ಅಧ್ಯಾಪಕರಾಗಿ ಹೋದರು. 2024ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ.

ಒಂದು ಸಂಗತಿ ಉಳಿಯಿತು. 1968ರಲ್ಲಿ ಮೆಂಫಿಸ್ ನಗರದ ಕಸ ಸಾಗಿಸುವ ಕಾರ್ಮಿಕರ ಮುಷ್ಕರಕ್ಕೆ ಕಿಂಗ್ ಅವರನ್ನು ಕರೆಸಿದವರು ಲಾಸನ್. ಅಲ್ಲೇ ಏಪ್ರಿಲ್ 4ರಂದು ಕಿಂಗ್ ಗುಂಡಿಗೆ ಬಲಿಯಾದರು. ಆ ಕೊಲೆಗಾಗಿ ಶಿಕ್ಷೆ ಹೊಂದಿದ ಜೇಮ್ಸ್ ಅರ್ಲ್ ರೇ ಎಂಬಾತನನ್ನು ಲಾಸನ್ ಜೈಲಿಗೆ ಹೋಗಿ ಕಂಡರು. 1978ರಲ್ಲಿ ರೇ ಜೈಲಿನಲ್ಲಿ ಮದುವೆಯಾದಾಗ, ಅದನ್ನು ನಡೆಸಿಕೊಟ್ಟ ಪಾದ್ರಿಯೂ ಅವರೇ.