ಸಿನಿಮಾ ಯಾರದೋ ಡಿಸ್ಕ್ ಅವರದೇ

2008ರ ಜನವರಿ 4ರಂದು ವಾರ್ನರ್ ಬ್ರದರ್ಸ್ ಒಂದು ಪ್ರಕಟಣೆ ಹೊರಡಿಸಿತು. ತನ್ನ ಚಿತ್ರಗಳ ಹೈ ಡೆಫಿನಿಷನ್ ಡಿಸ್ಕ್‌ಗಳು ಇನ್ನು ಬ್ಲೂ-ರೇ ಮಾದರಿಯಲ್ಲಿ ಮಾತ್ರ ಬರಲಿವೆ ಎಂಬುದು ಅದರ ಸಾರಾಂಶ. ಅದೇ ವಾರಾಂತ್ಯದಲ್ಲಿ ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಎದುರಾಳಿ ಎಚ್‌ಡಿ ಡಿವಿಡಿ ಬಣ ನಡೆಸಬೇಕಿದ್ದ ಪತ್ರಿಕಾಗೋಷ್ಠಿ ರದ್ದಾಯಿತು. ಫೆಬ್ರುವರಿ 11ಕ್ಕೆ ನೆಟ್‌ಫ್ಲಿಕ್ಸ್ ಮತ್ತು ಬೆಸ್ಟ್ ಬೈ, 15ಕ್ಕೆ ವಾಲ್‌ಮಾರ್ಟ್ ಬ್ಲೂ-ರೇ ಕಡೆ ವಾಲಿದವು. 19ಕ್ಕೆ ತೋಷಿಬಾ ಅಧ್ಯಕ್ಷ ಅತ್ಸುತೋಶಿ ನಿಶಿದಾ ಟೋಕಿಯೊದಲ್ಲಿ ಕುಳಿತು ಎಚ್‌ಡಿ ಡಿವಿಡಿ ವ್ಯವಹಾರವನ್ನೇ ನಿಲ್ಲಿಸುತ್ತಿದ್ದೇವೆ ಎಂದು ಘೋಷಿಸಿದರು. ಈ ಏಳು ವಾರಗಳೊಳಗೆ ಲೇಸರ್ ಬದಲಾಗಿರಲಿಲ್ಲ, ಡಿಸ್ಕ್ ಬದಲಾಗಿರಲಿಲ್ಲ, ತೋಷಿಬಾ ಯಂತ್ರಗಳ ಬೆಲೆ ಏರುವುದಿರಲಿ ಇನ್ನಷ್ಟು ಇಳಿದಿತ್ತು. ಬದಲಾದದ್ದು ಒಬ್ಬ ಚಿತ್ರಮಾಲೀಕನ ನಿಲುವು ಮಾತ್ರ. ಮನೆಯಲ್ಲಿ ಸಿನಿಮಾ ನೋಡುವ ಡಿಸ್ಕ್‌ಗಳ ಮೂವತ್ತು ವರ್ಷಗಳ ಪೈಪೋಟಿಯನ್ನು ಒಟ್ಟಾಗಿ ನೋಡಿದರೆ ಇದೇ ಅದರ ಸೂತ್ರ ಎಂದು ನನಗನ್ನಿಸುತ್ತದೆ. ಗೆಲುವನ್ನು ತೀರ್ಮಾನಿಸಿದ್ದು ಚಿತ್ರದ ಸೊಗಸೂ ಅಲ್ಲ, ಯಂತ್ರದ ಬೆಲೆಯೂ ಅಲ್ಲ. ಯಾರ ಬಳಿ ಸಿನಿಮಾಗಳ ಭಂಡಾರವಿತ್ತೋ ಅವರು ಎತ್ತ ತಿರುಗಿದರೋ ಅತ್ತ ಡಿಸ್ಕ್ ತಿರುಗಿತು.

ಎರಡು ಮಾದರಿಗಳ ನಡುವಿನ ಅಂತರ ಎಷ್ಟು ಕಿರಿದಾಗಿತ್ತೆಂದು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎರಡರದ್ದೂ 405 ನ್ಯಾನೊಮೀಟರ್ ತರಂಗಾಂತರದ ಅದೇ ನೀಲಿ-ನೇರಳೆ ಲೇಸರ್. ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಾಮುರಾ 1990ರ ದಶಕದಲ್ಲಿ ಮಾಡಿದ ಕೆಲಸವಿಲ್ಲದೆ ಈ ಎರಡೂ ಹುಟ್ಟುತ್ತಿರಲಿಲ್ಲ. ಡಿವಿಡಿಯ ಕೆಂಪು ಲೇಸರ್ 650 ನ್ಯಾನೊಮೀಟರಿನದು. ತರಂಗ ಚಿಕ್ಕದಾದಷ್ಟೂ ಬೆಳಕಿನ ಚುಕ್ಕೆ ಚಿಕ್ಕದು, ಅದೇ ಜಾಗದಲ್ಲಿ ಹೆಚ್ಚು ಮಾಹಿತಿ ಹಿಡಿಯುತ್ತದೆ. ತೋಷಿಬಾ ಮತ್ತು ಎನ್‌ಇಸಿ ರೂಪಿಸಿದ ಎಚ್‌ಡಿ ಡಿವಿಡಿಯಲ್ಲಿ ಮಾಹಿತಿಯ ಪದರ ಹಳೆಯ ಡಿವಿಡಿಯಲ್ಲಿದ್ದಂತೆಯೇ ಮೇಲ್ಮೈಯಿಂದ 0.6 ಮಿಲಿಮೀಟರ್ ಆಳದಲ್ಲಿ, ಡಿಸ್ಕಿನ ನಟ್ಟನಡುವೆ ಉಳಿಯಿತು. ಆದ್ದರಿಂದ ಇದ್ದ ಕಾರ್ಖಾನೆಗಳಲ್ಲೇ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಅಚ್ಚು ಹಾಕಬಹುದಿತ್ತು. ಪದರಕ್ಕೆ 15 ಗಿಗಾಬೈಟ್. ಸೋನಿ, ಮತ್ಸುಶಿತಾ, ಫಿಲಿಪ್ಸ್ ಮೊದಲಾದ ಒಂಬತ್ತು ಕಂಪನಿಗಳು 2002ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಬ್ಲೂ-ರೇಯಲ್ಲಿ ಆ ಪದರ ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಕೆಳಗೆ ಬಂತು. ಪದರಕ್ಕೆ 25 ಗಿಗಾಬೈಟ್ ಹಿಡಿಸಿತು ನಿಜ, ಆದರೆ ಹೊಸ ಯಂತ್ರೋಪಕರಣ ಬೇಕಾಯಿತು, ಗೀರು ಬಿದ್ದರೆ ಕೆಡುವ ಭಯವೂ ಇತ್ತು. ಮೊದಲು ಪೆಟ್ಟಿಗೆಯೊಳಗಿಟ್ಟೇ ಬಳಸಬೇಕಾಗಿದ್ದ ಡಿಸ್ಕ್, ಗಟ್ಟಿ ಲೇಪನಗಳು ಬಂದ ಮೇಲಷ್ಟೇ ಬರಿಗೈಯಲ್ಲಿ ಹಿಡಿಯುವಂತಾಯಿತು. 2005ರಲ್ಲಿ ಎರಡೂ ಬಣ ಒಂದಾಗಲು ಮಾತುಕತೆ ನಡೆಸಿದಾಗ ಯಾರೂ ಬಿಟ್ಟುಕೊಡದೆ ಹೋದದ್ದು ಈ ಅರ್ಧ ಮಿಲಿಮೀಟರನ್ನೇ.

ಹೆಚ್ಚು ಮಾಹಿತಿ ಹಿಡಿಯುವ ಡಿಸ್ಕೇ ಗೆದ್ದಿತಲ್ಲ, ಅಂದರೆ ಗುಣವೇ ಗೆದ್ದಂತಲ್ಲವೇ ಎಂದು ಕೇಳಬಹುದು. 2006ರ ಅಂಗಡಿಗಳಲ್ಲಿ ಇದ್ದ ಪರಿಸ್ಥಿತಿ ಬೇರೆಯೇ. ಬ್ಲೂ-ರೇಯ ಮೊದಲ ಚಿತ್ರಗಳು ಒಂದೇ ಪದರದ ಡಿಸ್ಕ್‌ಗಳಲ್ಲಿ, ಡಿವಿಡಿ ಕಾಲದ ಎಂಪೆಗ್-2 ಸಂಕುಚನದಲ್ಲಿ ಬಂದವು. ಎಚ್‌ಡಿ ಡಿವಿಡಿ ಹೊಸ ಸಂಕುಚನ ವಿಧಾನವನ್ನು ಬಳಸಿ ಕಡಿಮೆ ಜಾಗದಲ್ಲೇ ಹೆಚ್ಚು ಸ್ವಚ್ಛವಾದ ಚಿತ್ರ ಕೊಟ್ಟಿತು. ಸೋನಿ ತನ್ನ 'ದಿ ಫಿಫ್ತ್ ಎಲಿಮೆಂಟ್' ಡಿಸ್ಕನ್ನು ಟೀಕೆಗಳ ಬಳಿಕ 2007ರಲ್ಲಿ ಮತ್ತೆ ಸಿದ್ಧಪಡಿಸಿ ಹೊರತರಬೇಕಾಯಿತು. ಅಷ್ಟು ಹೊತ್ತಿಗೆ ಎರಡೂ ಸರಿಸಮವಾಗಿದ್ದವು. ವಾರ್ನರ್ ಎಷ್ಟೋ ಚಿತ್ರಗಳ ಒಂದೇ ಪ್ರತಿಯನ್ನು ಎರಡೂ ಮಾದರಿಗೆ ತುಂಬಿ ಮಾರುತ್ತಿತ್ತು; ನೋಡುವವನಿಗೆ ವ್ಯತ್ಯಾಸ ಕಾಣುವ ಪ್ರಶ್ನೆಯೇ ಇರಲಿಲ್ಲ.

ಚಿತ್ರಮಾಲೀಕರಿಗೆ ಇಷ್ಟು ಬಲ ಎಲ್ಲಿಂದ ಬಂತು ಎಂದು ತಿಳಿಯಲು 1970ರ ದಶಕಕ್ಕೆ ಹೋಗಬೇಕು. ಯೂನಿವರ್ಸಲ್ ಸ್ಟುಡಿಯೊದ ಒಡೆಯನಾದ ಎಂಸಿಎ ಕಂಪನಿ ಫಿಲಿಪ್ಸ್ ಜೊತೆ ಸೇರಿ ಲೇಸರಿನಿಂದ ಓದುವ, ಗ್ರಾಮಫೋನ್ ರೆಕಾರ್ಡಿನಷ್ಟು ಅಗಲದ ಡಿಸ್ಕನ್ನು ಸಿದ್ಧಪಡಿಸುತ್ತಿತ್ತು. 1978ರ ಡಿಸೆಂಬರಿನಲ್ಲಿ ಅದು ಅಟ್ಲಾಂಟಾ ನಗರದಲ್ಲಿ 'ಜಾಸ್' ಚಿತ್ರದೊಂದಿಗೆ ಮಾರುಕಟ್ಟೆಗೆ ಬಂತು; ಮುಂದೆ ಲೇಸರ್‌ಡಿಸ್ಕ್ ಎಂದು ಹೆಸರಾದದ್ದು ಇದೇ. ಇದೇ ಯೂನಿವರ್ಸಲ್ 1976ರಲ್ಲಿ ಡಿಸ್ನಿ ಜೊತೆ ಸೇರಿ, ಟಿವಿ ಕಾರ್ಯಕ್ರಮಗಳನ್ನು ಮನೆಯಲ್ಲಿ ರೆಕಾರ್ಡ್ ಮಾಡುವುದು ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು ಸೋನಿಯ ಬೀಟಾಮ್ಯಾಕ್ಸ್ ವಿರುದ್ಧ ಮೊಕದ್ದಮೆ ಹೂಡಿತ್ತು. ಈ ಎರಡನ್ನೂ ಜೊತೆಗಿಟ್ಟು ನೋಡಬೇಕು. ಟೇಪು ರೆಕಾರ್ಡ್ ಮಾಡುತ್ತದೆ, ಡಿಸ್ಕ್ ಮಾಡುವುದಿಲ್ಲ. ಮಾಲೀಕನಿಗೆ ಡಿಸ್ಕ್ ಪ್ರಿಯವಾದದ್ದು ಅದರ ಆ ಕೊರತೆಗಾಗಿಯೇ. ಜನರಿಗೆ ಅದು ಬೇಡವಾದದ್ದೂ ಅದಕ್ಕೇ. ಆರ್‌ಸಿಎ ಕಂಪನಿ 1981ರ ಮಾರ್ಚಿನಲ್ಲಿ ಮುಳ್ಳಿನಿಂದ ಓದುವ ಸಿಇಡಿ ಎಂಬ ಅಗ್ಗದ ಡಿಸ್ಕನ್ನು ತಂದು, 1984ರ ಏಪ್ರಿಲಿನಲ್ಲಿ ಯಂತ್ರಗಳ ತಯಾರಿಕೆ ನಿಲ್ಲಿಸಿತು; ನಷ್ಟ ಸುಮಾರು 58 ಕೋಟಿ ಡಾಲರ್. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಬೀಟಾಮ್ಯಾಕ್ಸ್ ಪರ ತೀರ್ಪು ಕೊಟ್ಟಿತ್ತು. ಟೇಪುಗಳ ಕದನದಲ್ಲಿ ಒಂದು ಗಂಟೆಯ ಬೀಟಾಮ್ಯಾಕ್ಸನ್ನು ಎರಡು ಗಂಟೆಯ ವಿಎಚ್‌ಎಸ್ ಹಿಂದೆ ಹಾಕಿದ್ದು ಬಳಸುವವರ ಅಗತ್ಯ. ಡಿಸ್ಕಿಗೆ ಆ ದಾರಿ ಇಲ್ಲ. ಯಾರೋ ತುಂಬಿಕೊಟ್ಟ ಸಿನಿಮಾ ಇದ್ದರಷ್ಟೇ ಅದಕ್ಕೆ ಬೆಲೆ.

ಸೋತ ಸೋನಿ ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿಯಿತು. 1989ರಲ್ಲಿ 340 ಕೋಟಿ ಡಾಲರ್ ಕೊಟ್ಟು ಕೊಲಂಬಿಯಾ ಪಿಕ್ಚರ್ಸನ್ನು ಕೊಂಡಿತು. 1995ರಲ್ಲಿ ಡಿವಿಡಿಯ ಜನನಕ್ಕೆ ಮುನ್ನ ಸೋನಿ-ಫಿಲಿಪ್ಸ್ ಒಂದು ಕಡೆ, ತೋಷಿಬಾ-ಟೈಮ್ ವಾರ್ನರ್ ಇನ್ನೊಂದು ಕಡೆ ನಿಂತಾಗ ಐಬಿಎಂ ಮೊದಲಾದ ಕಂಪ್ಯೂಟರ್ ಕಂಪನಿಗಳು ಒಂದೇ ಮಾದರಿ ಬೇಕೆಂದು ಪಟ್ಟು ಹಿಡಿದು ಸಂಧಾನ ಮಾಡಿಸಿದವು. ಅಂದು ರೂಪುಗೊಂಡ ಡಿವಿಡಿಯ ಕಾಯ ಬಹುಮಟ್ಟಿಗೆ ತೋಷಿಬಾದ್ದು. ಅದರ ಪೇಟೆಂಟ್ ಗೌರವಧನದಲ್ಲಿ ವಾರ್ನರ್‌ಗೂ ಪಾಲಿತ್ತು. ವಾರ್ನರ್‌ನ ಗೃಹವಿಡಿಯೊ ವಿಭಾಗದ ಮುಖ್ಯಸ್ಥರಾಗಿದ್ದ ವಾರನ್ ಲೀಬರ್‌ಫಾರ್ಬ್ ಅವರನ್ನು ಡಿವಿಡಿಯ ಪಿತಾಮಹ ಎಂದೇ ಕರೆಯುತ್ತಿದ್ದರು. ಹತ್ತು ವರ್ಷದ ಬಳಿಕ ಅಂಥ ಸಂಧಾನ ಸಾಧ್ಯವಾಗಲಿಲ್ಲ. 2005ರ ಹೊತ್ತಿಗೆ ಸೋನಿ ನೇತೃತ್ವದ ಕೂಟ ಎಂಜಿಎಂ ಸ್ಟುಡಿಯೊವನ್ನೂ ಕೊಂಡಾಗಿತ್ತು. ಡಿಸ್ನಿ ಮತ್ತು ಫಾಕ್ಸ್ ಬ್ಲೂ-ರೇ ಕಡೆ ಬಂದವು. ಬ್ಲೂ-ರೇಯಲ್ಲಿ ನಕಲು ತಡೆಗೆ ಇನ್ನೊಂದು ಹೆಚ್ಚುವರಿ ಬೀಗವಿತ್ತು, ದೇಶಗಳನ್ನು ವಿಂಗಡಿಸುವ ಪ್ರದೇಶ ಸಂಕೇತವಿತ್ತು. ಎಚ್‌ಡಿ ಡಿವಿಡಿಯಲ್ಲಿ ಪ್ರದೇಶ ಸಂಕೇತವೇ ಇರಲಿಲ್ಲ. ಕೊಳ್ಳುವವನಿಗೆ ಇದು ಅನುಕೂಲ, ಮಾಲೀಕನಿಗೆ ಅಲ್ಲ. ಮೊದಲಿನಿಂದ ಎಚ್‌ಡಿ ಡಿವಿಡಿಯೊಂದನ್ನೇ ನಂಬಿ ನಿಂತ ದೊಡ್ಡ ಸ್ಟುಡಿಯೊ ಯೂನಿವರ್ಸಲ್ ಮಾತ್ರ. ವಾರ್ನರ್ ಮತ್ತು ಪ್ಯಾರಾಮೌಂಟ್ ಎರಡಕ್ಕೂ ಚಿತ್ರ ಕೊಡುತ್ತಿದ್ದವು.

ಬೆಲೆಯೇ ನಿರ್ಣಾಯಕವಾಗಿದ್ದರೆ ತೋಷಿಬಾ ಗೆಲ್ಲಬೇಕಿತ್ತು. ಅಮೆರಿಕದಲ್ಲಿ 2006ರ ಏಪ್ರಿಲಿನಲ್ಲಿ ಅದರ ಯಂತ್ರಕ್ಕೆ 499 ಡಾಲರ್, ಜೂನಿನಲ್ಲಿ ಬಂದ ಸ್ಯಾಮ್ಸಂಗ್‌ನ ಬ್ಲೂ-ರೇ ಯಂತ್ರಕ್ಕೆ 999 ಡಾಲರ್. 2007ರ ನವೆಂಬರಿನಲ್ಲಿ ವಾಲ್‌ಮಾರ್ಟ್ ತೋಷಿಬಾ ಯಂತ್ರವೊಂದನ್ನು ನೂರು ಡಾಲರಿಗೂ ಕಡಿಮೆಗೆ ಮಾರಿತು. ಗಟ್ಟಿಯಾದ ಆಕ್ಷೇಪ ಬರುವುದು ಪ್ಲೇಸ್ಟೇಷನ್-3ರ ಕಡೆಯಿಂದ. ಆಟದ ಯಂತ್ರದೊಳಗೆ ಬ್ಲೂ-ರೇಯನ್ನು ಸೇರಿಸಿ, ತಯಾರಿಕೆಯ ಖರ್ಚಿಗಿಂತ ಕಡಿಮೆಗೆ ಮಾರಿ, 2006ರ ನವೆಂಬರಿನಿಂದ ಸೋನಿ ಲಕ್ಷಾಂತರ ಮನೆಗಳಿಗೆ ನೀಲಿ ಲೇಸರನ್ನು ತಲುಪಿಸಿತು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್‌ಗೆ ಎಚ್‌ಡಿ ಡಿವಿಡಿಯನ್ನು 199 ಡಾಲರಿನ ಬೇರೆ ಪೆಟ್ಟಿಗೆಯಾಗಿ ಮಾರಿತು. ಅದನ್ನು ಕೊಂಡವರು ಕಡಿಮೆ. ಇದರ ಮಹತ್ವವನ್ನು ನಾನು ಅಲ್ಲಗಳೆಯುವುದಿಲ್ಲ. 2007ರಲ್ಲಿ ಅಮೆರಿಕದಲ್ಲಿ ಒಂದು ಎಚ್‌ಡಿ ಡಿವಿಡಿ ಚಿತ್ರ ಮಾರಾಟವಾದರೆ ಸುಮಾರು ಎರಡು ಬ್ಲೂ-ರೇ ಚಿತ್ರಗಳು ಮಾರಾಟವಾಗುತ್ತಿದ್ದುದಕ್ಕೆ ಆಟದ ಯಂತ್ರವೇ ದೊಡ್ಡ ಕಾರಣ. ಆದರೆ ಆ ಅಂತರ ಕಣ್ಣೆದುರಿಗಿದ್ದಾಗಲೇ, ಆಗಸ್ಟಿನಲ್ಲಿ, ಪ್ಯಾರಾಮೌಂಟ್ ಬ್ಲೂ-ರೇ ಬಿಟ್ಟು ಎಚ್‌ಡಿ ಡಿವಿಡಿಗೆ ಹೋಯಿತು. ಅದರಿಂದಾಗಿ ಕ್ರಿಸ್‌ಮಸ್‌ವರೆಗೂ ಕದನ ಜೀವಂತವಾಗಿತ್ತು. ಪ್ಲೇಸ್ಟೇಷನ್ ಚಿತ್ರಮಾಲೀಕರ ಮುಂದೆ ಇಟ್ಟ ಬಲವಾದ ಸಾಕ್ಷ್ಯ. ತೀರ್ಪು ಕೊಟ್ಟವರು ಅವರು.

ಪ್ಯಾರಾಮೌಂಟ್ ಮತ್ತು ಡ್ರೀಮ್‌ವರ್ಕ್ಸ್ ಅನಿಮೇಷನ್‌ಗೆ ಈ ಬದಲಾವಣೆಗಾಗಿ ಒಟ್ಟು 15 ಕೋಟಿ ಡಾಲರಿನಷ್ಟು ಪ್ರೋತ್ಸಾಹ ದೊರೆಯಿತೆಂದು ಆಗಿನ ಪತ್ರಿಕೆಗಳು ಬರೆದವು. ಹಾಗಾದರೆ ಹಣವೇ ತೀರ್ಮಾನಿಸಿತು ಎನ್ನೋಣವೇ? ಹಣ ಯಾವುದನ್ನು ಕೊಳ್ಳಲು ಹೊರಟಿತೆಂಬುದನ್ನು ನೋಡಿದರೆ ನನ್ನ ಮಾತೇ ನಿಲ್ಲುತ್ತದೆ. ಅಷ್ಟು ಮೊತ್ತ ಸುರಿದದ್ದು ಉತ್ತಮ ಲೇಸರಿಗಲ್ಲ, ಎದುರಾಳಿಯ ಕೈಗೆ ಸಿನಿಮಾ ಸಿಗದಂತೆ ಮಾಡಲು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಡಿವ್‌ಎಕ್ಸ್‌ನದು. ಅಮೆರಿಕದ ಸರ್ಕಿಟ್ ಸಿಟಿ ಅಂಗಡಿ ಸಮೂಹ 1998ರಲ್ಲಿ ತಂದ ಈ ಡಿಸ್ಕನ್ನು ಸುಮಾರು ನಾಲ್ಕೂವರೆ ಡಾಲರಿಗೆ ಕೊಂಡು ಮೊದಲ ಸಲ ಹಾಕಿದ ಮೇಲೆ 48 ಗಂಟೆ ನೋಡಬಹುದಿತ್ತು. ಆಮೇಲೂ ಬೇಕೆಂದರೆ ಮತ್ತೆ ಹಣ ಕಟ್ಟಬೇಕು. ಯಂತ್ರ ಟೆಲಿಫೋನ್ ತಂತಿಯ ಮೂಲಕ ಲೆಕ್ಕ ಒಪ್ಪಿಸುತ್ತಿತ್ತು. ಡಿಸ್ನಿ, ಫಾಕ್ಸ್, ಪ್ಯಾರಾಮೌಂಟ್, ಯೂನಿವರ್ಸಲ್ ಎಲ್ಲ ಇದರ ಬೆನ್ನಿಗಿದ್ದವು. ಆದರೂ 1999ರ ಜೂನಿನಲ್ಲಿ ಅದು ಮುಚ್ಚಿತು. ಮಾಲೀಕರೇ ಸರ್ವಶಕ್ತರಾಗಿದ್ದರೆ ಹೀಗಾಗುತ್ತಿರಲಿಲ್ಲ. ಆದ್ದರಿಂದ ವಾದವನ್ನು ಇನ್ನಷ್ಟು ಬಿಗಿಯಾಗಿ ಹೇಳಬೇಕು: ಜನರಿಗೆ ಬೇಡವೆನ್ನುವ ಶಕ್ತಿ ಇತ್ತು, ಆರಿಸುವ ಶಕ್ತಿ ಇರಲಿಲ್ಲ. ವಾರ್ನರ್ ಮತ್ತು ಕೊಲಂಬಿಯಾ ತಮ್ಮ ಚಿತ್ರಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಡಿವಿಡಿಯಲ್ಲಿ ಕೊಡುತ್ತಿದ್ದುದರಿಂದಲೇ ಜನ ಡಿವ್‌ಎಕ್ಸನ್ನು ತಿರಸ್ಕರಿಸಲು ಸಾಧ್ಯವಾಯಿತು. 2007ರಲ್ಲೂ ಬಹುಪಾಲು ಮನೆಗಳು ಎರಡೂ ಹೊಸ ಡಿಸ್ಕ್‌ಗಳನ್ನು ಬಿಟ್ಟು ಹಳೆಯ ಡಿವಿಡಿಯಲ್ಲೇ ಉಳಿದವು. ಎರಡು ಮಾದರಿಗಳಿಂದ ಗ್ರಾಹಕರು ಗೊಂದಲಕ್ಕೀಡಾಗಿದ್ದಾರೆ ಎಂಬುದನ್ನೇ ವಾರ್ನರ್ ತನ್ನ ತೀರ್ಮಾನಕ್ಕೆ ಕಾರಣವಾಗಿ ಕೊಟ್ಟಿತು. ಕದನ ಬೇಗ ಮುಗಿಯಬೇಕೆಂಬ ಒತ್ತಡ ಜನರಿಂದ ಬಂತು. ಯಾರು ಉಳಿಯಬೇಕು ಎಂಬುದು ಬರ್ಬ್ಯಾಂಕ್‌ನ ಸ್ಟುಡಿಯೊ ಕಚೇರಿಯಲ್ಲಿ ನಿರ್ಧಾರವಾಯಿತು.

ಏಷ್ಯಾದ ವಿಸಿಡಿ ಈ ನಿಯಮವನ್ನು ಸುಳ್ಳುಮಾಡುವಂತೆ ಕಾಣುತ್ತದೆ. 1993ರಲ್ಲಿ ನಿಗದಿಯಾದ ಈ ಮಾದರಿಯಲ್ಲಿ ಚಿತ್ರ ವಿಎಚ್‌ಎಸ್ ಮಟ್ಟದ್ದು, ಒಂದು ಡಿಸ್ಕಿಗೆ ಹಿಡಿಸುತ್ತಿದ್ದುದು 74 ನಿಮಿಷ, ನಕಲು ತಡೆಯುವ ವ್ಯವಸ್ಥೆ ಇಲ್ಲವೇ ಇಲ್ಲ. ಹಾಲಿವುಡ್ ಇದನ್ನು ಎಂದೂ ಮನಸಾರೆ ಒಪ್ಪಲಿಲ್ಲ. ಹಾಗಿದ್ದೂ ಚೀನಾದಿಂದ ಭಾರತದವರೆಗೆ ಅದು ಮನೆಮನೆ ಸೇರಿತು. ಆದರೆ ಇಲ್ಲಿ ಜನ ನೋಡಬಯಸಿದ ಸಿನಿಮಾಗಳು ಹಾಲಿವುಡ್‌ನವಲ್ಲ. ಹಾಂಗ್‌ಕಾಂಗ್, ಮುಂಬೈ, ಚೆನ್ನೈ, ಬೆಂಗಳೂರಿನ ಚಿತ್ರಗಳು ವಿಸಿಡಿಯಲ್ಲಿ ಹೇರಳವಾಗಿ ಸಿಕ್ಕವು, ಕೆಲವು ಹಕ್ಕು ಪಡೆದು, ಹಲವು ಕದ್ದು. ಎರಡೂವರೆ ಗಂಟೆಯ ಕನ್ನಡ ಚಿತ್ರ ನೋಡುವಾಗ ನಡುವೆ ಎದ್ದು ಡಿಸ್ಕ್ ಬದಲಿಸುವ ತೊಂದರೆಯನ್ನು ಜನ ಸಹಿಸಿಕೊಂಡರು, ಏಕೆಂದರೆ ತಮಗೆ ಬೇಕಾದ ಚಿತ್ರ ಅಲ್ಲೇ ಇತ್ತು. ಮೋಸರ್ ಬೇರ್ ಕಂಪನಿ 2007ರಲ್ಲಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಬೆಲೆಯಿಟ್ಟು ಮಾರುಕಟ್ಟೆಯನ್ನೇ ಅಲುಗಿಸಿದಾಗಲೂ ಅದು ಮೊದಲು ಮಾಡಿದ ಕೆಲಸ ಕನ್ನಡವೂ ಸೇರಿ ಹಲವು ಭಾಷೆಗಳ ಸಾವಿರಾರು ಚಿತ್ರಗಳ ಹಕ್ಕು ಕೊಂಡದ್ದು. ಅದೇ ವರ್ಷಗಳಲ್ಲಿ ದೂರದಲ್ಲಿ ನಡೆಯುತ್ತಿದ್ದ ನೀಲಿ ಲೇಸರಿನ ಕದನ ನಮ್ಮ ಊರುಗಳನ್ನು ತಟ್ಟಲಿಲ್ಲ. ಆ ಡಿಸ್ಕ್‌ಗಳಲ್ಲಿ ಕನ್ನಡ ಚಿತ್ರ ಸಿಗುವುದು ತೀರ ವಿರಳವಾಗಿರುವಾಗ ಯಂತ್ರ ಕೊಂಡು ಮಾಡುವುದೇನು?

ನಿಜವಾದ ಅಪವಾದ ಜಪಾನ್. ಅಲ್ಲಿ ಬ್ಲೂ-ರೇ ಹುಟ್ಟಿದ್ದೇ 2003ರ ಏಪ್ರಿಲಿನಲ್ಲಿ, ಟಿವಿ ಪ್ರಸಾರವನ್ನು ರೆಕಾರ್ಡ್ ಮಾಡುವ ಯಂತ್ರವಾಗಿ. ರೆಕಾರ್ಡ್ ಮಾಡುವವನಿಗೆ 25 ಮತ್ತು 15 ಗಿಗಾಬೈಟುಗಳ ನಡುವಿನ ಅಂತರ ಗಂಟೆಗಳ ಲೆಕ್ಕದಲ್ಲಿ ಸಿಗುವ ಲಾಭ. ಆದ್ದರಿಂದ ಅಲ್ಲಿ ಜನರೇ ಬ್ಲೂ-ರೇಯನ್ನು ಆರಿಸಿದರು ಎಂದರೆ ಒಪ್ಪುತ್ತೇನೆ. ವಿಎಚ್‌ಎಸ್ ಗೆದ್ದ ಬಗೆಯೂ ಇದೇ ಆಗಿತ್ತು.

ಕೊನೆಗೆ ಎರಡೂ ಸೋತು ಸ್ಟ್ರೀಮಿಂಗ್ ಗೆದ್ದಿತಲ್ಲ, ಈ ಚರ್ಚೆಯೇ ಹಳತಾಯಿತಲ್ಲ ಎನ್ನುವವರಿದ್ದಾರೆ. ತೋಷಿಬಾ 2009ರಲ್ಲಿ ತಾನೂ ಬ್ಲೂ-ರೇ ಯಂತ್ರ ಮಾಡಲು ಮುಂದಾಯಿತು. ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಅಂಚೆಯಲ್ಲಿ ಡಿಸ್ಕ್ ಕಳಿಸುವುದನ್ನು ನಿಲ್ಲಿಸಿತು, 2024ರಲ್ಲಿ ಬೆಸ್ಟ್ ಬೈ ಡಿಸ್ಕ್ ಮಾರುವುದನ್ನು ಬಿಟ್ಟಿತು, 2025ರ ಫೆಬ್ರುವರಿಯಲ್ಲಿ ಸೋನಿ ರೆಕಾರ್ಡ್ ಮಾಡುವ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಗೆ ತೆರೆ ಎಳೆಯಿತು. ಆದರೆ ಸ್ಟ್ರೀಮಿಂಗ್ ಆ ಹಳೆಯ ಕದನದಿಂದ ಬೇರೆಯಾದದ್ದಲ್ಲ. 1976ರಲ್ಲಿ ಯೂನಿವರ್ಸಲ್ ಕೋರ್ಟಿನಲ್ಲಿ ಕೇಳಿದ್ದು, 1998ರಲ್ಲಿ ಡಿವ್‌ಎಕ್ಸ್ ಕೊಡಲು ನೋಡಿದ್ದು ಒಂದೇ: ಚಿತ್ರ ನೋಡುವವನ ಮನೆಗೆ ಹೋಗಬೇಕು, ಆದರೆ ಅವನ ಕೈಗೆ ಸಿಗಬಾರದು. ಇಂದು ಅಂತರ್ಜಾಲದಲ್ಲಿ ಒಂದು ಸಿನಿಮಾ ಬಾಡಿಗೆಗೆ ಪಡೆದರೆ ನೋಡಲು ಆರಂಭಿಸಿದ ಮೇಲೆ ಸಾಮಾನ್ಯವಾಗಿ ಸಿಗುವ ಅವಧಿ ಅದೇ 48 ಗಂಟೆ. ಅಂದು ಬೇಡವೆಂದವರ ಮುಂದೆ ಪಕ್ಕದ ಕಪಾಟಿನಲ್ಲಿ ಡಿವಿಡಿ ಇತ್ತು. ಇಂದು ಎಷ್ಟೋ ಚಿತ್ರಗಳನ್ನು ಯಾವ ಡಿಸ್ಕಿನಲ್ಲೂ ಹೊರತರುವುದೇ ಇಲ್ಲ.