ತೆಕ್ಕಡ ಭವಾನಿ: ಕೊಡಗಿನಿಂದ ನಾರ್ಡಿಕ್ ಹಾದಿಗೆ

ಕರ್ನಾಟಕದಲ್ಲಿ ವರ್ಷದ ಯಾವ ದಿನವೂ ಹಿಮ ಬೀಳುವುದಿಲ್ಲ. ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ (1,748 ಮೀಟರ್) ಮೇಲೂ ಮಂಜು ಮುಸುಕುವುದುಂಟೇ ಹೊರತು ಹಿಮ ಕಾಣಸಿಗದು. ಹೀಗಿದ್ದರೂ 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಅಮೆರಿಕದ ಚಿಲಿಯಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಕೀ ಸ್ಪರ್ಧೆಯ ಪದಕ ಪಟ್ಟಿಯಲ್ಲಿ ಕೊಡಗಿನ ಹೆಣ್ಣುಮಗಳೊಬ್ಬಳ ಹೆಸರು ಕಾಣಿಸಿಕೊಂಡಿತು. ಸ್ಪರ್ಧಾ ದಾಖಲೆಗಳಲ್ಲಿ ಭವಾನಿ ತೆಕ್ಕಡ ನಂಜುಂಡ ಎಂದಿರುವ ಆಕೆ ಊರಿನವರಿಗೆ ತೆಕ್ಕಡ ಭವಾನಿ. ತೆಕ್ಕಡ ಎಂಬುದು ಒಕ್ಕದ, ಅಂದರೆ ಕೊಡವ ಮನೆತನದ ಹೆಸರು.

ಏನಿದು ನಾರ್ಡಿಕ್?

ಸ್ಕೀಯಿಂಗ್ ಎಂದೊಡನೆ ಪರ್ವತದ ನೆತ್ತಿಯಿಂದ ರಭಸದಲ್ಲಿ ಜಾರಿ ಬರುವ ದೃಶ್ಯ ಕಣ್ಣೆದುರು ಬರುತ್ತದೆ. ಅದು ಆಲ್ಪೈನ್ ಪ್ರಕಾರ. ನಾರ್ವೆ ಮೊದಲಾದ ಉತ್ತರದ ದೇಶಗಳಲ್ಲಿ ಬೆಳೆದ ನಾರ್ಡಿಕ್ ಪ್ರಕಾರದಲ್ಲಿ ಪಾದರಕ್ಷೆಯ ಮುಂತುದಿ ಮಾತ್ರ ಹಲಗೆಗೆ ಅಂಟಿಕೊಂಡಿರುತ್ತದೆ, ಹಿಮ್ಮಡಿ ಬಿಡುವಾಗಿರುತ್ತದೆ. ಆದ್ದರಿಂದ ಸಮತಟ್ಟಿನಲ್ಲಿ ಓಡಲೂ ಏರು ಹತ್ತಲೂ ಸಾಧ್ಯ. ಇದರಲ್ಲಿ ಮೂರು ಕ್ರೀಡೆಗಳಿವೆ: ದೂರದ ಓಟವಾದ ಕ್ರಾಸ್ ಕಂಟ್ರಿ, ಸ್ಕೀ ಜಿಗಿತ, ಇವೆರಡನ್ನೂ ಕೂಡಿಸಿದ ನಾರ್ಡಿಕ್ ಕಂಬೈನ್ಡ್. ಕಂಬೈನ್ಡ್‌ನಲ್ಲಿ ಮೊದಲು ಜಿಗಿತ. ಅಲ್ಲಿ ಗಳಿಸಿದ ಅಂಕಗಳ ಅಂತರವನ್ನು ಕಾಲಕ್ಕೆ ಪರಿವರ್ತಿಸಿ, ಮುಂದಿರುವವನನ್ನು ಓಟದಲ್ಲಿ ಮೊದಲು ಬಿಡುತ್ತಾರೆ. ಗುರಿ ಮೊದಲು ಮುಟ್ಟಿದವನೇ ವಿಜೇತ.

1924ರ ಪ್ರಥಮ ಚಳಿಗಾಲದ ಒಲಿಂಪಿಕ್ಸ್‌ನಿಂದಲೂ ಇರುವ ಈ ಕಂಬೈನ್ಡ್‌ನಲ್ಲಿ 2026ರ ಕೂಟದವರೆಗೂ ಮಹಿಳೆಯರಿಗೆ ಪ್ರವೇಶವಿರಲಿಲ್ಲ. ಭಾರತದಿಂದ ಪುರುಷರೂ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಇಳಿದಿಲ್ಲ. ಭಾರತೀಯರಿಗೆ ತೆರೆದಿರುವ ನಾರ್ಡಿಕ್ ಬಾಗಿಲೆಂದರೆ ಕ್ರಾಸ್ ಕಂಟ್ರಿ. ಭವಾನಿ ಹಿಡಿದದ್ದು ಆ ಹಾದಿಯನ್ನೇ.

ಗುಲ್ಮಾರ್ಗ್‌ನ ನಂಟು

ಕೊಡಗು ಎಂದರೆ ಹಾಕಿ, ಓಟ, ಸೇನೆ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನಾಡಿಗೆಲ್ಲ ಪರಿಚಿತ. ಸ್ಕೀಯಿಂಗ್‌ಗೂ ಕೊಡಗಿಗೂ ಹಳೆಯದೊಂದು ನಂಟಿದೆ ಎಂಬುದು ಅಷ್ಟಾಗಿ ತಿಳಿದ ವಿಷಯವಲ್ಲ. 1948ರಲ್ಲಿ ಕಾಶ್ಮೀರದಲ್ಲಿ 19ನೇ ಪದಾತಿ ಡಿವಿಷನ್‌ನ ಮುಖ್ಯಸ್ಥರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ. ಅದೇ ಡಿವಿಷನ್‌ನ ಸ್ಕೀ ಶಾಲೆ ಆ ವರ್ಷದ ಡಿಸೆಂಬರ್‌ನಲ್ಲಿ ಅವರ ಮಾರ್ಗದರ್ಶನದಲ್ಲಿ ಗುಲ್ಮಾರ್ಗ್‌ನಲ್ಲಿ ಆರಂಭವಾಯಿತು. ಮುಂದೆ ಅದು ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿ ಬೆಳೆಯಿತು. ಭಾರತದ ಕ್ರಾಸ್ ಕಂಟ್ರಿ ಸ್ಪರ್ಧಿಗಳಲ್ಲಿ ಸೈನಿಕರ ಸಂಖ್ಯೆ ಹೆಚ್ಚಿರುವುದು ಆಕಸ್ಮಿಕವಲ್ಲ.

ಪರ್ವತಾರೋಹಣದಿಂದ ಸ್ಕೀಯಿಂಗ್‌ಗೆ ಬಂದ ಭವಾನಿಯವರಿಗೂ ಅದೇ ಗುಲ್ಮಾರ್ಗ್ ಅಂಗಳವಾಯಿತು. 2020ರಲ್ಲಿ ಆರಂಭವಾದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ನಾರ್ಡಿಕ್ ವಿಭಾಗ ಅಲ್ಲಿಯೇ ನಡೆಯುತ್ತದೆ. ಆ ಕೂಟದಲ್ಲಿ ಕರ್ನಾಟಕದ ಪರವಾಗಿ ಸ್ಪರ್ಧಿಸಿದ ಅವರು ಚಿನ್ನದ ಪದಕಗಳನ್ನು ಗೆದ್ದರು. ಹಿಮದಲ್ಲೇ ಹುಟ್ಟಿ ಬೆಳೆದ ಲಡಾಖ್, ಹಿಮಾಚಲ, ಉತ್ತರಾಖಂಡಗಳ ಸ್ಪರ್ಧಿಗಳ ನಡುವೆ ಬಂದ ಚಿನ್ನ ಇದು ಎಂಬುದನ್ನು ಗಮನಿಸಬೇಕು.

ದೇಶದೊಳಗಿನ ಗೆಲುವು ಹೊರಗಿನ ದರ್ಜೆಯನ್ನು ತಾನಾಗಿ ತಂದುಕೊಡುವುದಿಲ್ಲ. ಗುಲ್ಮಾರ್ಗ್‌ನ ಬಯಲು ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಒಲಿಂಪಿಕ್ಸ್ ಹಾಗೂ ವಿಶ್ವಮಟ್ಟದ ಕ್ರಾಸ್ ಕಂಟ್ರಿ ಹಾದಿಗಳು 1,800 ಮೀಟರ್ ಮೀರಬಾರದೆಂಬುದು ಅಂತಾರಾಷ್ಟ್ರೀಯ ಫೆಡರೇಷನ್ ಆದ ಎಫ್‌ಐಎಸ್‌ನ ನಿಯಮ. ಗುಲ್ಮಾರ್ಗ್‌ನ ಹಿಮವಾದರೂ ವರ್ಷದಲ್ಲಿ ಕೆಲವೇ ತಿಂಗಳು. ಉಳಿದ ಕಾಲದಲ್ಲಿ ಈ ಕ್ರೀಡೆಯವರು ಗಾಲಿ ಜೋಡಿಸಿದ ರೋಲರ್ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯ ಮೇಲೆ ಅಭ್ಯಾಸ ಮಾಡುತ್ತಾರೆ. ನಮ್ಮ ನಗರಗಳ ರಸ್ತೆಗಳಲ್ಲಿ ಅದು ಎಷ್ಟರಮಟ್ಟಿಗೆ ಸಾಧ್ಯವೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಅಂಕಗಳ ಲೆಕ್ಕಾಚಾರ

2023ರಲ್ಲಿ ಸ್ಲೊವೇನಿಯಾದ ಪ್ಲಾನಿತ್ಸಾದಲ್ಲಿ ನಡೆದ ನಾರ್ಡಿಕ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭವಾನಿ ಭಾರತವನ್ನು ಪ್ರತಿನಿಧಿಸಿದರು. 2025ರ ಫೆಬ್ರುವರಿಯಲ್ಲಿ ಚೀನಾದ ಹಾರ್ಬಿನ್‌ನಲ್ಲಿ ಏಷ್ಯನ್ ಚಳಿಗಾಲದ ಕ್ರೀಡಾಕೂಟ, ಅದರ ಬೆನ್ನಿಗೇ ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ಮತ್ತೊಂದು ವಿಶ್ವ ಚಾಂಪಿಯನ್‌ಷಿಪ್. ಇಂತಹ ಕೂಟಗಳಲ್ಲಿ ಹಿಮದ ಸಂಪ್ರದಾಯವಿಲ್ಲದ ದೇಶಗಳವರು ಸಾಮಾನ್ಯವಾಗಿ ಮೊದಲು ಅರ್ಹತಾ ಓಟ ಓಡಬೇಕು. ಅಲ್ಲಿಂದ ಮೇಲಿನ ಹತ್ತು ಮಂದಿಗಷ್ಟೇ ಮುಖ್ಯ ಸ್ಪರ್ಧೆಗೆ ಪ್ರವೇಶ.

ಕ್ರೀಡಾಪಟುವಿನ ದರ್ಜೆಯನ್ನು ಎಫ್‌ಐಎಸ್ ಅಂಕಗಳಿಂದ ಅಳೆಯುತ್ತಾರೆ. ಇಲ್ಲಿ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಒಬ್ಬೊಬ್ಬರನ್ನಾಗಿ ಬಿಡುವ ಓಟದಲ್ಲಿ ವಿಜೇತರಿಗಿಂತ ಎಷ್ಟು ಪಾಲು ಹೆಚ್ಚು ಸಮಯ ತಗುಲಿತೋ ಅದನ್ನು 800ರಿಂದ ಗುಣಿಸುತ್ತಾರೆ. ವಿಜೇತರು 20 ನಿಮಿಷದಲ್ಲಿ ಗುರಿ ಮುಟ್ಟಿ, ಮತ್ತೊಬ್ಬರು 21 ನಿಮಿಷ ತೆಗೆದುಕೊಂಡರೆ ವ್ಯತ್ಯಾಸ ಇಪ್ಪತ್ತರಲ್ಲಿ ಒಂದು ಪಾಲು, ಅಂದರೆ 40 ಅಂಕ. ಇದಕ್ಕೆ ಆ ಓಟದಲ್ಲಿದ್ದ ಸ್ಪರ್ಧಿಗಳ ಮಟ್ಟಕ್ಕೆ ತಕ್ಕಂತೆ ದಂಡಾಂಕ ಸೇರುತ್ತದೆ. ವರ್ಷದ ಅತ್ಯುತ್ತಮ ಐದು ಓಟಗಳ ಸರಾಸರಿಯೇ ದರ್ಜೆ. ಒಂದೇ ದಿನದ ಮಿಂಚು ಸಾಲದು. ಮೇಲಿಂದ ಮೇಲೆ ಓಡಬೇಕು, ಅದಕ್ಕೆ ಹಿಮವಿರುವ ದೇಶಗಳಿಗೆ ಅಲೆಯಬೇಕು. ಖರ್ಚಿನ ಬಾಬತ್ತು ಬೇರೆ.

ಚಿಲಿಯ ಕಂಚು

ನಮ್ಮಲ್ಲಿ ಮಳೆಗಾಲವಿರುವಾಗ ದಕ್ಷಿಣ ಗೋಳಾರ್ಧದಲ್ಲಿ ಚಳಿಗಾಲ. ಲೊಂಕಿಮಾಯ್ ಜ್ವಾಲಾಮುಖಿಯ ತಪ್ಪಲಿನಲ್ಲಿರುವ ಚಿಲಿಯ ಕೊರಾಲ್ಕೊ ಹಿಮಾಂಗಣಕ್ಕೆ ಸ್ಕೀ ಪಟುಗಳು ಆ ದಿನಗಳಲ್ಲಿ ಹೋಗುವುದು ಇದಕ್ಕಾಗಿಯೇ. ಅಲ್ಲಿ ನಡೆದ ಎಫ್‌ಐಎಸ್ ಸ್ಪರ್ಧೆಯ ಮಹಿಳೆಯರ 5 ಕಿ.ಮೀ. ಫ್ರೀ ಶೈಲಿಯ ಓಟವನ್ನು ಭವಾನಿ 21 ನಿಮಿಷ 4.9 ಸೆಕೆಂಡುಗಳಲ್ಲಿ ಮುಗಿಸಿ ಕಂಚು ಪಡೆದರು. ಅಂತಾರಾಷ್ಟ್ರೀಯ ಕ್ರಾಸ್ ಕಂಟ್ರಿಯಲ್ಲಿ ಭಾರತಕ್ಕೆ ಇದು ಮೊದಲ ಪದಕವೆಂದು ಪತ್ರಿಕೆಗಳು ವರದಿ ಮಾಡಿದವು. ನಗರದ ಓದುಗರಿಗೆ ಅಂದಾಜು ಸಿಗಲೆಂದು ಹೇಳುವುದಾದರೆ, ಗವಿಪುರಂನ ಗವಿಗಂಗಾಧರೇಶ್ವರ ದೇವಾಲಯದಿಂದ ವಿಧಾನಸೌಧಕ್ಕೆ ರಸ್ತೆಯಲ್ಲಿ ಹೆಚ್ಚೂಕಡಿಮೆ ಅಷ್ಟೇ ದೂರ. ಸಂಜೆ ಆರರ ವೇಳೆಗೆ ಕಾರಿನಲ್ಲಿ 21 ನಿಮಿಷಕ್ಕೆ ತಲುಪುವುದೂ ಅನುಮಾನವೇ.

ಅದು ವಿಶ್ವಕಪ್ ಮಟ್ಟದ ಕೂಟವಲ್ಲ, ನಾರ್ವೆ, ಸ್ವೀಡನ್‌ಗಳ ಮೊದಲ ಸಾಲಿನವರು ಅಲ್ಲಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಭಾರತದ ಸ್ಪರ್ಧಿಗೆ ಅಂಕ ಕೂಡಿಸಲು ಇರುವ ದಾರಿ ಇಂತಹ ಕೂಟಗಳೇ.

ಒಲಿಂಪಿಕ್ಸ್‌ನ ಅಂತರ

ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತ ಕಾಲಿಟ್ಟದ್ದು 1964ರಲ್ಲಿ, ಜೆರೆಮಿ ಬುಜಾಕೊವ್‌ಸ್ಕಿ ಮೂಲಕ. 1988ರಲ್ಲಿ ಕ್ಯಾಲ್ಗರಿಯ ಸ್ಲಾಲಂ ಸ್ಪರ್ಧೆಯಲ್ಲಿ ಶೈಲಜಾ ಕುಮಾರ್ 28ನೇ ಸ್ಥಾನ ಪಡೆದರು. ಅದು ಆಲ್ಪೈನ್ ಪ್ರಕಾರ. ಕ್ರಾಸ್ ಕಂಟ್ರಿಯಲ್ಲಿ 2006ರಲ್ಲಿ ಬಹಾದೂರ್ ಗುಪ್ತ, 2010ರಲ್ಲಿ ತಾಶಿ ಲುಂಡುಪ್, 2014ರಲ್ಲಿ ನದೀಮ್ ಇಕ್ಬಾಲ್ ಓಡಿದರು. 2018ರಲ್ಲಿ ಜಗದೀಶ್ ಸಿಂಗ್ 103ನೆಯವರಾದರು. ಎಲ್ಲರೂ ಪುರುಷರೇ.

2026ರ ಫೆಬ್ರುವರಿಯಲ್ಲಿ ಇಟಲಿಯ ಮಿಲಾನ್ ಮತ್ತು ಕೊರ್ಟಿನಾದಲ್ಲಿ ನಡೆದ ಒಲಿಂಪಿಕ್ಸ್‌ನ ಕ್ರಾಸ್ ಕಂಟ್ರಿಯಲ್ಲಿ ಮೊತ್ತಮೊದಲ ಬಾರಿಗೆ ಮಹಿಳೆಯರು ಹಾಗೂ ಪುರುಷರು ಸಮಾನ ದೂರ ಓಡಿದರು. ಭಾರತದಿಂದ ಅಲ್ಲಿಗೆ ಹೋದವರು ಇಬ್ಬರು: ಆಲ್ಪೈನ್‌ನಲ್ಲಿ ಕಾಶ್ಮೀರದ ಆರಿಫ್ ಖಾನ್, ಕ್ರಾಸ್ ಕಂಟ್ರಿಯಲ್ಲಿ ಲಡಾಖ್‌ನ ಸ್ಟಾಂಜಿನ್ ಲುಂಡುಪ್. ಭವಾನಿಯವರ ಹೆಸರು ತಂಡದಲ್ಲಿರಲಿಲ್ಲ. ಮುಂದಿನ ಕೂಟ 2030ರಲ್ಲಿ ಫ್ರಾನ್ಸ್‌ನ ಆಲ್ಪ್ಸ್ ಪ್ರದೇಶದಲ್ಲಿ ನಿಗದಿಯಾಗಿದೆ. ಒಲಿಂಪಿಕ್ಸ್‌ನ ಕ್ರಾಸ್ ಕಂಟ್ರಿ ಹಾದಿಯಲ್ಲಿ ಭಾರತದ ಮಹಿಳೆಯೊಬ್ಬರು ಓಡುವುದು ಇನ್ನೂ ಬಾಕಿ ಇದೆ.