ಒಳಗೆ ಏನೇನು ಓಡ್ತಿದೆ? ಒಂದು ಪಟ್ಟಿಯ 50 ವರ್ಷದ ಕಥೆ

ಕುಡತಿನಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಮೊಬೈಲ್ ರಿಪೇರಿ ಅಂಗಡಿ. ವಯಸ್ಸಾದ ರೈತರೊಬ್ಬರು ಫೋನ್ ಹಿಡಿದು ಬಂದಿದ್ದರು. ಸುಮ್ಮನೆ ಜೇಬಿನಲ್ಲಿಟ್ಟರೂ ಬಿಸಿಯಾಗ್ತದೆ, ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ ಅನ್ನೋದು ಅವರ ದೂರು. ಅಂಗಡಿ ಹುಡುಗ ಸೆಟ್ಟಿಂಗ್ಸ್‌ಗೆ ಹೋಗಿ ‘ಬಿಲ್ಡ್ ನಂಬರ್’ ಮೇಲೆ 7 ಸಲ ಒತ್ತಿದ. ‘ಡೆವಲಪರ್ ಆಪ್ಷನ್ಸ್’ ಅಂತ ಹೊಸದೊಂದು ಬಾಗಿಲು ತೆರೆಯಿತು. ಅದರೊಳಗೆ ‘ರನ್ನಿಂಗ್ ಸರ್ವೀಸಸ್’. ಪರದೆ ತುಂಬ ಹೆಸರುಗಳು, ಒಂದೊಂದರ ಪಕ್ಕದಲ್ಲಿ ಅದು ಎಷ್ಟು ಎಂಬಿ ಮೆಮೊರಿ ಹಿಡಿದಿದೆ ಅನ್ನೋ ಲೆಕ್ಕ.

“ನಾನು ಒಂದೂ ತೆಗೆದಿಲ್ಲಲ್ಲಪ್ಪಾ. ಇವನ್ನೆಲ್ಲ ಯಾರು ಚಾಲೂ ಮಾಡ್ಯಾರ?”

“ತಾತಾ, ಅವು ತಾವೇ ಚಾಲೂ ಆಗ್ತಾವ.”

ಹುಡುಗನ ಉತ್ತರ ಅರ್ಧ ಸರಿ. ಆದರೆ ತಾತನ ಪ್ರಶ್ನೆ ಪೂರ್ತಿ ಸರಿ. ಆ ಪಟ್ಟಿ ಹುಟ್ಟಿದ್ದೇ ಇಂಥ ಪ್ರಶ್ನೆಯಿಂದ.

ಮೊದಲು ಒಂದು ಮಾತು. ಫೋನಿನಲ್ಲಿ ಇಳಿಸಿಟ್ಟ ಆ್ಯಪ್ ಅಂದರೆ ಶೆಡ್ಡಿನಲ್ಲಿ ನಿಂತ ಟ್ರ್ಯಾಕ್ಟರ್ ಇದ್ದಂತೆ. ಜಾಗ ಹಿಡಿಯುತ್ತದೆ, ಡೀಸೆಲ್ ಕುಡಿಯುವುದಿಲ್ಲ. ಸ್ಟಾರ್ಟ್ ಆದ ಮೇಲೆ ಅದಕ್ಕೆ ಪ್ರೊಸೆಸ್ ಅನ್ನುತ್ತಾರೆ. ಪ್ರತಿ ಪ್ರೊಸೆಸ್‌ಗೂ ಒಂದು ನಂಬರ್ ಇರುತ್ತದೆ. ಅದನ್ನು ಹುಟ್ಟಿಸಿದ ಇನ್ನೊಂದು ಪ್ರೊಸೆಸ್ ಇರುತ್ತದೆ, ಅದಕ್ಕೆ ತಾಯಿ ಪ್ರೊಸೆಸ್ ಅನ್ನೋಣ. ಹೀಗೆ ಹಿಂದೆ ಹಿಂದೆ ಹೋದರೆ 1ನೇ ನಂಬರಿನ ‘ಇನಿಟ್’ ಸಿಗುತ್ತದೆ. ವಂಶಾವಳಿಯ ಮೂಲಪುರುಷ ಅಂತ ಇಟ್ಟುಕೊಳ್ಳಿ.

ಈ ಏರ್ಪಾಡು ಯುನಿಕ್ಸ್‌ನದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಅದನ್ನು ಶುರು ಮಾಡಿದರು. ಆಗ ಕಂಪ್ಯೂಟರ್ ಅಂದರೆ ಒಬ್ಬರಿಗೊಂದು ಅಲ್ಲ. ಒಂದೇ ಯಂತ್ರಕ್ಕೆ ಹಲವರು ದೂರದಿಂದ ತಂತಿ ಎಳೆದು ಕೂರುತ್ತಿದ್ದರು. ಯಂತ್ರ ನಿಧಾನವಾದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಯಾರ ಕೆಲಸ ಇದನ್ನು ತಿಂತಿದೆ? ಅದನ್ನು ನೋಡಲು ಒಂದು ಕಮಾಂಡ್ ಬಂತು. ಹೆಸರು ‘ಪಿಎಸ್’, ಪ್ರೊಸೆಸ್ ಸ್ಟೇಟಸ್. 1973ರ ಹೊತ್ತಿಗೆ ಅದು ಯುನಿಕ್ಸ್‌ನಲ್ಲಿತ್ತು. ಎರಡು ಅಕ್ಷರ ಟೈಪ್ ಮಾಡಿದರೆ ಪಟ್ಟಿ ಬರುತ್ತಿತ್ತು, ಹೆಚ್ಚಾಗಿ ಕಾಗದದ ಮೇಲೆ ಟಕಟಕ ಅಚ್ಚಾಗಿ.

ಆ ಕಾಲದ ಪಿಎಸ್ ಸ್ವಲ್ಪ ಒರಟು. ಅದು ಯಾರನ್ನೂ ಕೇಳುತ್ತಿರಲಿಲ್ಲ. ಯಂತ್ರದ ನೆನಪಿನ ಮೂಲೆಗೇ ಕೈ ಹಾಕಿ, ಪ್ರೊಸೆಸ್‌ಗಳ ಕೋಷ್ಟಕ ಇಂಥ ಜಾಗದಲ್ಲೇ ಇರುತ್ತದೆ ಅಂತ ಲೆಕ್ಕ ಹಾಕಿ ಓದುತ್ತಿತ್ತು. ಒಳಗಿನ ವ್ಯವಸ್ಥೆ ಬದಲಾಗಿ ಪಿಎಸ್ ಬದಲಾಗದಿದ್ದರೆ ಪಟ್ಟಿ ಕಸ.

1984ರಲ್ಲಿ ಎರಡು ಬದಲಾವಣೆ ಬಂದವು. ವಿಲಿಯಂ ಲೆಫೆಬ್ರ್ ಎಂಬವರು ‘ಟಾಪ್’ ಬರೆದರು. ಪಿಎಸ್ ಒಂದು ಫೋಟೊ ಆದರೆ ಟಾಪ್ ವಿಡಿಯೊ ಇದ್ದಂತೆ. ಹೆಚ್ಚು ತಿನ್ನುವವನು ಮೇಲೆ, ಕಡಿಮೆ ತಿನ್ನುವವನು ಕೆಳಗೆ, ಕೆಲವು ಸೆಕೆಂಡಿಗೊಮ್ಮೆ ಹೊಸ ಪಟ್ಟಿ. ಅದೇ ವರ್ಷ ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ ಇನ್ನೊಂದು ದಾರಿ ತೋರಿಸಿದರು. ಓಡುತ್ತಿರುವ ಪ್ರತಿ ಪ್ರೊಸೆಸ್ ಅನ್ನೂ ಒಂದು ಫೈಲ್ ಥರ ತೋರಿಸೋಣ, ‘ಪ್ರೋಕ್’ ಅನ್ನೋ ಫೋಲ್ಡರ್‌ನಲ್ಲಿ ಇಡೋಣ ಅಂದರು. ಆ ಫೈಲ್‌ಗಳು ಡಿಸ್ಕ್‌ನಲ್ಲಿ ಇರುವುದೇ ಇಲ್ಲ. ನೀವು ತೆರೆದ ಗಳಿಗೆಯಲ್ಲಿ ವ್ಯವಸ್ಥೆಯೇ ಉತ್ತರ ಬರೆದುಕೊಡುತ್ತದೆ. ಕದ್ದು ನೋಡುವುದು ಹೋಗಿ ಕೇಳಿ ನೋಡುವುದು ಬಂತು. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಲಿನಕ್ಸ್ ಈ ಪ್ರೋಕ್ ಅನ್ನು ತನ್ನದಾಗಿಸಿಕೊಂಡಿತು. 2008ರಲ್ಲಿ ಬಂದ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದೂ ಲಿನಕ್ಸೇ. ತಾತನ ಫೋನಿನಲ್ಲೂ ಪ್ರೋಕ್ ಇದೆ.

ಲಿನಕ್ಸ್‌ನ ಪಟ್ಟಿಯಲ್ಲಿ ಒಂದೊಂದು ಪ್ರೊಸೆಸ್‌ಗೆ ಒಂದು ಅಕ್ಷರ ಇರುತ್ತದೆ. ಆರ್ ಅಂದರೆ ಓಡುತ್ತಿದೆ ಅಥವಾ ಓಡಲು ಸರದಿಯಲ್ಲಿದೆ. ಎಸ್ ಅಂದರೆ ಮಲಗಿದೆ, ಎಬ್ಬಿಸಿದರೆ ಏಳುತ್ತದೆ. ಝಡ್ ಅಂದರೆ ಝಾಂಬಿ. ಹೆಸರು ಕೇಳಿ ಹೆದರಬೇಡಿ. ನರೇಗಾ ಕೆಲಸ ಮುಗಿಸಿ ಕೂಲಿಯವ ಮನೆಗೆ ಹೋದರೂ ಮೇಟಿ ಎನ್‌ಎಂಆರ್‌ನಲ್ಲಿ ಹೆಸರು ಹೊಡೆದುಹಾಕಿಲ್ಲ ಅಂದರೆ ಹೇಗೋ ಹಾಗೆ. ಪ್ರೊಸೆಸ್ ಸತ್ತಿದೆ, ತಾಯಿ ಪ್ರೊಸೆಸ್ ಅದರ ಲೆಕ್ಕ ಚುಕ್ತಾ ಮಾಡಿಕೊಂಡಿಲ್ಲ, ಹೆಸರು ಪಟ್ಟಿಯಲ್ಲೇ ಉಳಿದಿದೆ.

ನಿಜವಾದ ತಲೆನೋವು ‘ಡಿ’. ಡಿಸ್ಕ್‌ನಿಂದಲೋ ಇನ್ನಾವುದೋ ಸಾಧನದಿಂದಲೋ ಉತ್ತರಕ್ಕೆ ಕಾಯುತ್ತ ಕೂತ ಪ್ರೊಸೆಸ್ ಇದು. ಕೂಗಿದರೂ ಏಳುವುದಿಲ್ಲ, ಕೊಲ್ಲುವ ‘ಕಿಲ್’ ಕಮಾಂಡ್ ಕೊಟ್ಟರೂ ಸಾಯುವುದಿಲ್ಲ. ಅದು ಸಿಕ್ಕಿಕೊಂಡಿದೆ ಅಂತ ಪಿಎಸ್ ಹೇಳುತ್ತದೆ. ಒಳಗೆ ಯಾಕೆ ಸಿಕ್ಕಿಕೊಂಡಿತು ಅನ್ನೋದು ಬಹಳ ಸಲ ಪಟ್ಟಿಯಿಂದ ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ಲಿನಕ್ಸ್‌ನ ಒಳಭಾಗವಾದ ಕರ್ನೆಲ್‌ಗೇ ಇಳಿಯಬೇಕು. ಹಿಂದೆ ಅದಕ್ಕೆ ಕರ್ನೆಲ್‌ನಲ್ಲಿ ಪರೀಕ್ಷೆಯ ಸಾಲುಗಳನ್ನು ಸೇರಿಸಿ, ಮತ್ತೆ ಕಟ್ಟಿ, ಯಂತ್ರ ಬಂದ್ ಮಾಡಿ ಚಾಲೂ ಮಾಡುತ್ತಿದ್ದರು. ಬಂದ್ ಮಾಡಿದ ಕೂಡಲೇ ಸಿಕ್ಕಿಕೊಂಡದ್ದೂ ಮಾಯ. ಜ್ವರ ನೋಡಲು ರೋಗಿಯನ್ನು ತಣ್ಣೀರಿಗೆ ಹಾಕಿದಂಗೆ.

ಈ ತೊಡಕು ಬಿಡಿಸುವ ಕೆಲಸದಲ್ಲಿ ನಮ್ಮ ಬೆಂಗಳೂರಿನ ಹೆಸರು ಬರುತ್ತದೆ. ನಮ್ಮ ಕಡೆ ಇದು ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಐಬಿಎಂ ಕಂಪನಿಯ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಬೆಂಗಳೂರು ತಂಡ ‘ಕೆಪ್ರೋಬ್ಸ್’ ಎಂಬ ಸಲಕರಣೆ ಕಟ್ಟಿತು. 2002ರ ಅಕ್ಟೋಬರ್‌ನಲ್ಲಿ ಮೊದಲ ರೂಪ ಬರೆದವರು ವಂಶಿ ಕೃಷ್ಣ ಎಸ್. 2004ರಲ್ಲಿ ಪ್ರಸನ್ನ ಎಸ್. ಪಂಚಮುಖಿ ಅದನ್ನು ತಿದ್ದಿ ಬೆಳೆಸಿದರು, ಸುಪರ್ಣಾ ಭಟ್ಟಾಚಾರ್ಯ ಇನ್ನೊಂದು ಭಾಗ ಸೇರಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ಲಿನಕ್ಸ್ 2.6.9ರಲ್ಲಿ ಕೆಪ್ರೋಬ್ಸ್ ಸೇರಿತು. ಇದನ್ನು ನಾನು ಯಾರದೋ ಹೊಗಳಿಕೆ ನಂಬಿ ಬರೆಯುತ್ತಿಲ್ಲ. ಆ ಫೈಲಿನ ತಲೆಯಲ್ಲೇ ಈ ಹೆಸರು, ತಿಂಗಳು, ವರ್ಷ ಬರೆದಿದೆ. ಲಿನಕ್ಸ್ ಮುಕ್ತ, ಯಾರು ಬೇಕಾದರೂ ತೆರೆದು ಓದಬಹುದು.

ಅದು ಮಾಡುವುದು ಇಷ್ಟು. ಕರ್ನೆಲ್ ಓಡುತ್ತಲೇ ಇರುತ್ತದೆ. ನಿಮಗೆ ಅನುಮಾನ ಇರುವ ಜಾಗದ ಒಂದು ಆದೇಶವನ್ನು ನಕಲು ಮಾಡಿ ಪಕ್ಕಕ್ಕೆ ಇಡುತ್ತದೆ. ಆ ಜಾಗದಲ್ಲಿ ‘ಇಲ್ಲಿ ನಿಲ್ಲು’ ಅನ್ನೋ ಸಣ್ಣ ಗುರುತು ಹಾಕುತ್ತದೆ. ಇಂಟೆಲ್ ಮಾದರಿಯ ಚಿಪ್‌ಗಳಲ್ಲಿ ಆ ಗುರುತು ಒಂದೇ ಬೈಟ್. ಕೆಲಸ ಆ ಜಾಗಕ್ಕೆ ಬಂದಾಗ ಒಂದು ಕ್ಷಣ ನಿಂತು ನೀವು ಕೇಳಿದ್ದನ್ನು ಬರೆದುಕೊಳ್ಳುತ್ತದೆ, ಪಕ್ಕಕ್ಕಿಟ್ಟ ಮೂಲ ಆದೇಶ ನಡೆಸಿ ಮುಂದೆ ಹೋಗುತ್ತದೆ. ನೋಡಿದ್ದು ಮುಗಿದ ಮೇಲೆ ಗುರುತು ತೆಗೆದು ಹಳೆಯದನ್ನು ಸ್ವಸ್ಥಾನಕ್ಕೆ ಇಟ್ಟರಾಯಿತು.

ಕುಡತಿನಿಯವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ. ಬಿಟಿಪಿಎಸ್‌ನಲ್ಲಿ 500, 500, 700 ಮೆಗಾವಾಟ್‌ನ 3 ಘಟಕ ಇವೆ. ಬಾಯ್ಲರ್ ಒಳಗಿನ ಶಾಖ ಎಷ್ಟು ಅಂತ ತಿಳಿಯಲು ಯಾರೂ ಘಟಕ ನಿಲ್ಲಿಸುವುದಿಲ್ಲ. ಓಡುವಾಗಲೇ ಕಂಟ್ರೋಲ್ ರೂಮಿನಲ್ಲಿ ಕೂತು ನೋಡುತ್ತಾರೆ. ಅದೇ ಊರ ಹತ್ತಿರದ ಬೂದಿದಿಬ್ಬ ಬೇರೆ ಮಾತು. ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟ ಬೂದಿ ಅದು, ಬೆಂಕಿ ಆರಿದ ಸಾವಿರಾರು ವರ್ಷದ ಮೇಲೆ ನಾವು ಓದುತ್ತಿದ್ದೇವೆ. ಯುನಿಕ್ಸ್‌ನಲ್ಲೂ ಆ ಥರದ್ದೊಂದಿದೆ: ಪ್ರೊಸೆಸ್ ಸತ್ತಾಗ ಅದರ ನೆನಪನ್ನೆಲ್ಲ ‘ಕೋರ್’ ಅನ್ನೋ ಫೈಲಿಗೆ ಸುರಿದು ಆಮೇಲೆ ಪರೀಕ್ಷೆ ಮಾಡುವುದು.

ಕೆಪ್ರೋಬ್ಸ್ ಆದ ಮೇಲೆ 2012ರಲ್ಲಿ ‘ಯುಪ್ರೋಬ್ಸ್’ ಬಂತು. ಶ್ರೀಕರ್ ದ್ರೋಣಂರಾಜು ಮತ್ತು ಜಿಮ್ ಕೆನಿಸ್ಟನ್ ಬರೆದದ್ದು. ಕರ್ನೆಲ್ ಅಷ್ಟೇ ಅಲ್ಲ, ಓಡುವ ಯಾವುದೇ ಪ್ರೋಗ್ರಾಂ ಒಳಗೂ ಹೀಗೇ ಗುರುತು ಹಾಕಿ ನೋಡಬಹುದಾಯಿತು.

ಇಷ್ಟೆಲ್ಲ ನೋಡುವ ಶಕ್ತಿ ಬಂದ ಮೇಲೆ ಯಾರು ನೋಡಬೇಕು ಅನ್ನೋ ಜಗಳ ಬರದೇ ಇರುತ್ತದೆಯೇ? ಹಳೇ ಯುನಿಕ್ಸ್‌ನಲ್ಲಿ ಎಲ್ಲರ ಪಟ್ಟಿ ಎಲ್ಲರಿಗೂ ಕಾಣುತ್ತಿತ್ತು. ಒಂದೇ ಕಟ್ಟೆಯ ಮೇಲೆ ಕೂತವರು, ನಡೆಯುತ್ತಿತ್ತು. ಫೋನ್ ಹಾಗಲ್ಲ. ಅದರಲ್ಲಿ ಬ್ಯಾಂಕಿನ ಆ್ಯಪ್ ಇದೆ, ಅದರ ಪಕ್ಕದಲ್ಲೇ ಯಾರೋ ಬರೆದ ಟಾರ್ಚ್ ಆ್ಯಪ್ ಇದೆ. 2014ರಲ್ಲಿ ಅಮೆರಿಕದ ಮಿಶಿಗನ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ತೋರಿಸಿದ್ದು ಹೆದರಿಕೆ ಹುಟ್ಟಿಸುವಂಥದ್ದು. ವಿಶೇಷ ಅನುಮತಿ ಏನೂ ಕೇಳದ ಒಂದು ಆ್ಯಪ್, ಪ್ರೋಕ್‌ನಲ್ಲಿರುವ ಮೆಮೊರಿ ಲೆಕ್ಕ ಏರಿಳಿಯುವುದನ್ನು ಮುಖ್ಯವಾಗಿ ನೋಡಿ, ಬೇರೆ ಆ್ಯಪ್‌ನಲ್ಲಿ ಈಗ ಯಾವ ಪುಟ ತೆರೆದಿದೆ ಅಂತ ಊಹಿಸಿತು. ಆ ಊಹೆ ಇಟ್ಟುಕೊಂಡು ಮಾಹಿತಿ ಕದಿಯುವ ಪ್ರಯತ್ನ, ಪರೀಕ್ಷಿಸಿದ 7 ಆ್ಯಪ್‌ಗಳಲ್ಲಿ 6ರಲ್ಲಿ ನೂರಕ್ಕೆ 82ರಿಂದ 92 ಸಲ ಫಲಿಸಿತು.

2016ರ ಆಂಡ್ರಾಯ್ಡ್ 7ರಲ್ಲಿ ಬಾಗಿಲು ಹಾಕಿದರು. ಒಂದು ಆ್ಯಪ್‌ಗೆ ಪ್ರೋಕ್‌ನಲ್ಲಿ ಇನ್ನೊಂದರ ಪ್ರೊಸೆಸ್ ಕಾಣದಂತೆ ಮಾಡಿದರು. 2023ರ ಆಂಡ್ರಾಯ್ಡ್ 14ರಲ್ಲಿ ಮತ್ತೊಂದು: ಹಿನ್ನೆಲೆಯಲ್ಲಿರುವ ಬೇರೆ ಆ್ಯಪ್‌ಗಳನ್ನು ಮುಚ್ಚಲು ಇದ್ದ ಆದೇಶ ಇನ್ನು ತನ್ನದೇ ಪ್ರೊಸೆಸ್‌ಗಳಿಗೆ ಮಾತ್ರ. ಹೊಸ ಫೋನಿನಲ್ಲಿ ‘ರ್‍ಯಾಮ್ ಕ್ಲೀನರ್’, ‘ಬೂಸ್ಟರ್’ ಅಂತ ಹೊರಗಿನ ಆ್ಯಪ್ ಹಾಕಿಕೊಳ್ಳುವವರು ಇದನ್ನು ಗಮನಿಸಿ. ನೋಡಲು ಬಾರದ, ಮುಚ್ಚಲು ಆಗದ ಆ್ಯಪ್ ಏನು ಗುಡಿಸೀತು? ಪಟ್ಟಿಗೆ ಅದೇ ಇನ್ನೊಂದು ಹೆಸರಾಗಿ ಸೇರಿಕೊಳ್ಳುತ್ತದೆ, ಜೊತೆಗೆ ಜಾಹೀರಾತು.

ಆ್ಯಪ್‌ಗಳಿಂದ ಮುಚ್ಚಿಟ್ಟದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಫೋನ್ ಕೊಂಡವನಿಗೆ ಆ ಪಟ್ಟಿ ಕಾಣಲು 7 ಸಲ ಒತ್ತಬೇಕಾದ ಗುಟ್ಟಿನ ಬಾಗಿಲು ಯಾಕೆ? ಮೀಟರ್ ಬೋರ್ಡ್ ಮನೆಯ ಗೋಡೆಯ ಮೇಲೇ ಇರುತ್ತದಲ್ಲ.

ತಾತನ ಪ್ರಶ್ನೆಗೆ ಬರುತ್ತೇನೆ. ಯಾರು ಚಾಲೂ ಮಾಡಿದ್ದು ಅನ್ನೋದಕ್ಕೆ ಪಿಎಸ್ ಪಟ್ಟಿಯಲ್ಲಿ ಒಂದು ಕಾಲಮ್ಮೇ ಇದೆ, ತಾಯಿ ಪ್ರೊಸೆಸ್‌ನ ನಂಬರ್. ಆಂಡ್ರಾಯ್ಡ್‌ನಲ್ಲಿ ಮಾತ್ರ ಅದನ್ನು ನೋಡಿ ಪ್ರಯೋಜನ ಕಡಿಮೆ. ಅಲ್ಲಿ ಆ್ಯಪ್‌ಗಳೆಲ್ಲ ‘ಝೈಗೋಟ್’ ಅನ್ನೋ ಒಂದೇ ತಾಯಿಯ ಮಕ್ಕಳು. ಫೋನ್ ಆನ್ ಆದಾಗ, ಮೆಸೇಜ್ ಬಂದಾಗ, ಇಟ್ಟ ಅಲಾರಂ ಹೊಡೆದಾಗ ನನ್ನನ್ನು ಎಬ್ಬಿಸು ಅಂತ ಆ್ಯಪ್ ಮೊದಲೇ ಹೇಳಿಟ್ಟಿರುತ್ತದೆ, ವ್ಯವಸ್ಥೆ ಎಬ್ಬಿಸುತ್ತದೆ.

ಅಂಗಡಿ ಹುಡುಗ ಪಟ್ಟಿಯಲ್ಲಿದ್ದ ಒಂದು ಹೆಸರು ಮುಟ್ಟಿ ‘ಸ್ಟಾಪ್’ ಒತ್ತಿದ. ಹೋಯಿತು. ಬ್ಯಾಟರಿ ಬಿಚ್ಚಿ ನೋಡೋಣ ಅಂತ ಸ್ಕ್ರೂ ಡ್ರೈವರ್ ಹುಡುಕುವಷ್ಟರಲ್ಲಿ ಅದೇ ಹೆಸರು ಮತ್ತೆ ಬಂದು ಕೂತಿತ್ತು. “ಇದನ್ನ ತೆಗೆದೇಬಿಡಪ್ಪಾ” ಅಂದರು ತಾತ. ಅನ್‌ಇನ್‌ಸ್ಟಾಲ್ ಮಾಡಿದ. ಅದರ ಕೆಳಗಿನದು ಫೋನ್ ಜೊತೆಗೇ ಬಂದದ್ದು, ತೆಗೆಯಲು ಬರಲಿಲ್ಲ.